ಲಾಲ್‌ಬಾಗ್ ಬಂಡೆಯ ಮೇಲೆ ಸಿಕ್ಕ ಅಮ್ಮನಿಗೆ

ಕಳೆದ ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಹತ್ತಿರ, ನನ್ನ ಪಕ್ಕ ಬಂದು ಕೂತ ಅಮ್ಮಾ, ನಿಮಗೆ ತುಂಬಾ ಥ್ಯಾಂಕ್ಸ್. ನಿಮ್ಮ ಹೆಸರು ಕೇಳಲೇ ಇಲ್ಲ ನಾನು.

ಬೆಂಗಳೂರಿನ ಕಟ್ಟಡಗಳ ಸಾಲಿನ ಚಿತ್ರ ಬಿಡಿಸಲು ಹೋಗಿ, ಒಂದೊಂದೇ ಕಿಟಕಿ ಎಣಿಸುತ್ತಾ ಕೂತಿದ್ದೆ. "ಕಿಟಕಿ ಬಿಡಪ್ಪಾ, ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡು" ಅಂದಿರಿ. ನೋಡಿದರೆ ಕಟ್ಟಡಗಳೆಲ್ಲ ಸೇರಿ ಒಂದೇ ಆಕಾರ! ಆಮೇಲೆ ಕಣ್ಣಿನ ಮಟ್ಟಕ್ಕೆ ತೆಳುವಾಗಿ ಒಂದು ಅಡ್ಡಗೆರೆ ಎಳೆಸಿದಿರಿ. ಆ ಗೆರೆ ದಾಟಿ ಮೇಲೆ ಹೋದ ಕಟ್ಟಡ ನಾವು ಕೂತ ಜಾಗಕ್ಕಿಂತ ಎತ್ತರ. ಕೆಳಗೆ ಉಳಿದದ್ದರ ತಾರಸಿ ನಮಗೆ ಕಾಣುತ್ತದೆ. ಇಷ್ಟು ಸರಳವಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ದೂರದ ಸಾಲಿಗೆ ತಿಳಿಯಾಗಿ ಮೂಡುವ 2ಎಚ್ ಪೆನ್ಸಿಲ್, ಮಧ್ಯಕ್ಕೆ ಎಚ್‌ಬಿ, ಹತ್ತಿರದ ಮರ, ಮನೆಗಳಿಗೆ ಗಾಢವಾಗಿ ಮೂಡುವ 4ಬಿ. ದೂರ ಹೋದಷ್ಟೂ ಧೂಳು, ಮಂಜು ಅಡ್ಡ ಬಂದು ಕಟ್ಟಡ ಮಸುಕಾಗುತ್ತದೆ ಅಲ್ವಾ? ತಾರಸಿ ಮೇಲಿನ ನೀರಿನ ಟ್ಯಾಂಕ್, ಮೊಬೈಲ್ ಟವರ್ ಮರೀಬೇಡ ಅಂದಿರಿ. ಅವನ್ನು ಸೇರಿಸಿದ ಮೇಲೇ ಅದು ನಮ್ಮ ಊರಿನ ಹಾಗೆ ಕಂಡಿದ್ದು.

ನಿಮ್ಮ 4ಬಿ ಪೆನ್ಸಿಲ್ ನನ್ನ ಹತ್ತಿರವೇ ಉಳಿದಿದೆ. ಈ ಭಾನುವಾರವೂ ಅಲ್ಲೇ ಕೂತಿರುತ್ತೇನೆ, ಬನ್ನಿ.