ಬೇಡ ಎಂದು ತಡೆದವರಿಗೆ

ಮ್ಯೂಸಿಯಂನ ಹಳೆಯ ಕೋಣೆಗಳ ಬಾಗಿಲು ಕೊನೆಗೂ ತೆರೆದಿದೆ. ಒಳಗೀಗ ಛಾಯಾಚಿತ್ರಗಳ ಗ್ಯಾಲರಿ; ಯಾರು ಬೇಕಾದರೂ ಬಂದು ನೋಡಬಹುದು. ಹಣ ಕೊಟ್ಟವರ, ಅನುಮತಿ ಕೊಟ್ಟವರ ಹೆಸರೆಲ್ಲ ಉದ್ಘಾಟನೆಯ ದಿನ ವೇದಿಕೆಯಲ್ಲೇ ಬಂತು, ಅವರಿಗೆ ಮತ್ತೊಮ್ಮೆ ನಮಸ್ಕಾರ. ನಾನಿಲ್ಲಿ ನೆನೆಯಬೇಕಿರುವುದು ಕೆಲಸದ ನಡುವೆ ‘ಬೇಡ’ ಎಂದು ಅಡ್ಡ ನಿಂತವರನ್ನು.

ಮೊದಲು ಗಾರೆ ಮೇಸ್ತ್ರಿಗಳು. ಗೋಡೆ ತೇವವಾಗಿದ್ದು ಕಂಡು ಸಿಮೆಂಟ್ ಬಳಿದು ಮುಗಿಸೋಣ ಎಂದವರು ನಮ್ಮಲ್ಲೇ ಇದ್ದರು. ಮೇಸ್ತ್ರಿಗಳು ಸುತರಾಂ ಒಪ್ಪಲಿಲ್ಲ. ಸುಣ್ಣದ ಗಾರೆಯ ಗೋಡೆ ತೇವ ಹೀರುತ್ತದೆ, ಹಾಗೇ ಹೊರಗೂ ಬಿಡುತ್ತದೆ. ಮೇಲೆ ಸಿಮೆಂಟ್ ಕೂತರೆ ತೇವ ಒಳಗೇ ಉಳಿದು, ಉಪ್ಪು ಕಟ್ಟಿ, ಹಳೆಯ ಇಟ್ಟಿಗೆ ಪುಡಿಯಾಗುತ್ತದೆ. ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಷ್ಟನ್ನೇ ಕೆತ್ತಿ ತೆಗೆದರು. ತೆಳುವಾಗಿ ಒಂದು ಪದರ, ಅದರ ಮೇಲೆ ಒದ್ದೆ ಗೋಣಿ, ಅದು ಗಟ್ಟಿಯಾದ ಮೇಲೆ ಇನ್ನೊಂದು. ವೇಳಾಪಟ್ಟಿ ಹಿಡಿದು ಬೆನ್ನಿಗೆ ಬಿದ್ದಿದ್ದ ನಮ್ಮನ್ನು ಸಹಿಸಿಕೊಂಡದ್ದಕ್ಕೂ ಅವರಿಗೆ ಧನ್ಯವಾದ ಸಲ್ಲಬೇಕು.

ಸಂರಕ್ಷಣಾ ವಿಭಾಗದವರ ‘ಬೇಡ’ಗಳು ಒಂದೆರಡಲ್ಲ. ಈ ಕೋಣೆಗಳನ್ನು ಕಟ್ಟಿಸಿದ್ದೇ ತೈಲಚಿತ್ರಗಳಿಗಾಗಿ, ಛಾವಣಿಯ ಗಾಜಿನಿಂದ ಬೆಳಕು ಧಾರಾಳವಾಗಿ ಬೀಳಲಿ ಎಂದು. ಈಗ ಬಂದಿರುವುದು ಹತ್ತೊಂಬತ್ತನೇ ಶತಮಾನದ ಆಲ್ಬುಮೆನ್ ಪ್ರಿಂಟ್‌ಗಳು, ಮೊಟ್ಟೆಯ ಬಿಳಿ ಸವರಿದ ಕಾಗದದ ಮೇಲೆ ಮೂಡಿದಂಥವು. ಇವಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಕೂಡದು ಎಂದು ಪಟ್ಟು ಹಿಡಿದರು. ಬೆಳಕಿನಿಂದಲೇ ಹುಟ್ಟಿದ ಚಿತ್ರಕ್ಕೆ ಬೆಳಕೇ ಆಗಿಬರುವುದಿಲ್ಲ, ಏನು ಮಾಡುವುದು! ಗಾಜಿನ ಕೆಳಗೆ ಅತಿನೇರಳೆ ಕಿರಣ ತಡೆಯುವ ಪದರ, ಅದರಡಿ ಎಳೆದು ಮುಚ್ಚಬಹುದಾದ ಪರದೆ ಬಂತು. ಮೋಡ ಸರಿದಾಗಲೆಲ್ಲ ಲಕ್ಸ್ ಮೀಟರ್ ಹಿಡಿದು ಗೋಡೆಯಿಂದ ಗೋಡೆಗೆ ಓಡಿದ ಕಿರಿಯ ಸಹಾಯಕರಿಗೆ ನಾನು ಋಣಿ.

ಬಣ್ಣ ಬಳಿದ ಕೂಡಲೇ ಚಿತ್ರ ತೂಗುಹಾಕಲು ಹೊರಟಾಗಲೂ ತಡೆದವರು ಇವರೇ. ಹಸಿ ಬಣ್ಣದಿಂದ ಏಳುವ ಆವಿ ಬೆಳ್ಳಿಯ ಕಣಗಳಿಂದಾದ ಚಿತ್ರವನ್ನು ಕೆಡಿಸಬಲ್ಲದು. ಖಾಲಿ ಕೋಣೆಗಳಲ್ಲಿ ವಾರಗಟ್ಟಲೆ ಫ್ಯಾನ್ ತಿರುಗಿದ್ದು ಅದಕ್ಕೇ.

ಎಲ್ಲ ‘ಬೇಡ’ಗಳಿಗೂ ನಾವು ತಲೆಬಾಗಲಿಲ್ಲ. ಹಳೆಯ ಕೋಣೆಗೆ ಛಾಯಾಚಿತ್ರ ಒಪ್ಪುವುದಿಲ್ಲ ಎಂದವರ ಮುಂದೆ ಗ್ರಂಥಪಾಲಕರು ಲಂಡನ್ನಿನ ಕಥೆ ಇಟ್ಟರು: ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1858ರಲ್ಲೇ ಛಾಯಾಚಿತ್ರ ಪ್ರದರ್ಶನ ನಡೆಸಿತ್ತು, 2018ರಲ್ಲಿ ತನ್ನ ಹಳೆಯ ಚಿತ್ರಶಾಲೆಗಳನ್ನೇ ಸರಿಪಡಿಸಿ ಛಾಯಾಚಿತ್ರಗಳಿಗೆ ಬಿಟ್ಟುಕೊಟ್ಟಿತು. ಅಲ್ಲಿಗೆ ಚರ್ಚೆ ಮುಗಿಯಿತು. ಗ್ರಂಥಪಾಲಕರೇ, ನಿಮಗೆ ದೊಡ್ಡ ನಮಸ್ಕಾರ.

‘ಇಷ್ಟು ಕತ್ತಲೇಕೆ?’ ಎಂಬ ಒಂದೇ ಪ್ರಶ್ನೆಗೆ ದಿನವಿಡೀ ಬೇಸರಿಸದೆ ಉತ್ತರಿಸುತ್ತಿರುವ ಕಾವಲು ಸಿಬ್ಬಂದಿಗೂ ವಂದನೆ.

ಮನೆಯ ಆಲ್ಬಂ ನಂಬಿ ಕೊಟ್ಟವರಲ್ಲಿ ಒಂದು ವಿನಂತಿ. ಒಂದು ಸರದಿ ಮುಗಿದ ಮೇಲೆ ಚಿತ್ರಗಳು ಕತ್ತಲ ಪೆಟ್ಟಿಗೆಗೆ ವಿಶ್ರಾಂತಿಗೆ ಹೋಗುತ್ತವೆ. ನಿಮ್ಮ ಅಜ್ಜ ಅಜ್ಜಿ ಯಾವ ಸರದಿಯಲ್ಲಿ ಗೋಡೆಗೆ ಬರುತ್ತಾರೆ ಎಂದು ಕೇಳಿಕೊಂಡೇ ಬನ್ನಿ.