ತಿಥಿಯೂಟ ಮುಗಿದ ಮೇಲೂ ಬಂದವರಿಗೆ

ಅಪಘಾತ, ಹೃದಯಾಘಾತ, ಆತ್ಮಹತ್ಯೆ. ಹೀಗೆ ಏಕಾಏಕಿ ಸಾವು ಕಂಡ ಮನೆಗಳ ಜೊತೆ ನಿಲ್ಲುವ ನಮ್ಮ ಚಿಕ್ಕ ಬಳಗಕ್ಕೆ ಈ ಯುಗಾದಿಗೆ ಐದು ವರ್ಷ. ಶಾಲು-ಹಾರದ ಸಮಾರಂಭ ಇಟ್ಟುಕೊಂಡಿಲ್ಲ. ಯಾರ ಯಾವ ಕೆಲಸ ಆ ಮನೆಗಳಿಗೆ ಒದಗಿಬಂತು ಅನ್ನುವುದನ್ನು ಹೇಳಿಯೇ ಕೈ ಮುಗಿಯುತ್ತೇವೆ.

ಮೊದಲು ಶವಾಗಾರದ ಸಿಬ್ಬಂದಿಗೆ. ಮರಣೋತ್ತರ ಪರೀಕ್ಷೆಯಲ್ಲಿ ತಲೆಯನ್ನೂ ತೆರೆದು ಹೊಲಿದಿರುತ್ತಾರೆ. ನೀವು ಮುಖ ಒರೆಸಿ, ಹೊಲಿಗೆ ಕಾಣದಂತೆ ಹಣೆಯವರೆಗೆ ಬಿಳಿ ಬಟ್ಟೆ ಸುತ್ತಿ, "ಅಮ್ಮಾ, ಎಡಗೆನ್ನೆ ಮೇಲೆ ಗಾಯ ಇದೆ, ಮೈ ತಣ್ಣಗಿರುತ್ತೆ. ನೋಡ್ತೀರಾ?" ಎಂದು ಮೊದಲೇ ಹೇಳಿ ಕೇಳಿದಿರಿ. ಮುಖ ತೋರಿಸುವಂತಿಲ್ಲದಾಗ ಒಂದು ಕೈಯನ್ನಷ್ಟೇ ಹೊರಗಿಟ್ಟಿರಿ. ನೋಡಲೇಬೇಡಿ ಎಂದು ನೆಂಟರು ತಡೆದ ಕಡೆ "ಅದು ಅವನೇನಾ?" ಎಂಬ ಅನುಮಾನ ವರ್ಷಗಟ್ಟಲೆ ಕಾಡುತ್ತದೆ.

"ಸ್ವಲ್ಪ ಸೀರಿಯಸ್ ಇದೆ, ಬೇಗ ಬನ್ನಿ" ಅನ್ನದ ಪೊಲೀಸರಿಗೆ ನಮಸ್ಕಾರ. ಹಾಗಂದರೆ ಜನ ಬೈಕ್ ಹತ್ತಿ ಹುಚ್ಚು ವೇಗದಲ್ಲಿ ಹೊರಡುತ್ತಾರೆ, ದಾರಿಯಲ್ಲಿ ಯಾರದ್ದೋ ವಾಟ್ಸಾಪ್ ಸ್ಟೇಟಸ್ ನೋಡಿ ನಿಜ ತಿಳಿಯುತ್ತಾರೆ. "ಜೊತೆಗೆ ಯಾರಿದ್ದಾರೆ?" ಎಂದು ಕೇಳಿ, ಕೂರಿಸಿ, "ತೀರಿಕೊಂಡಿದ್ದಾರೆ" ಎಂದು ನೇರ ಹೇಳಿದಿರಿ.

ಆಧಾರ್ ಪ್ರತಿ ಹಿಡಿದು ಆಸ್ಪತ್ರೆಗೆ ಓಡಿದ ಹುಡುಗರನ್ನು ಮರೆಯುವ ಹಾಗಿಲ್ಲ. ಗಾಯಾಳುವನ್ನು ತಂದವರು ಗಾಬರಿಯಲ್ಲಿ ಕರೆಯುವ ಹೆಸರನ್ನೇ ಬರೆಸಿರುತ್ತಾರೆ: ಪುಟ್ಟಸ್ವಾಮಿ ಬದಲು ಪುಟ್ಟಣ್ಣ. ಅದೇ ಪೊಲೀಸ್ ದಾಖಲೆಗೆ, ಮರಣೋತ್ತರ ವರದಿಗೆ, ಮರಣ ಪ್ರಮಾಣಪತ್ರಕ್ಕೆ ಇಳಿದು, ಕೊನೆಗೆ ವಿಮೆಯವರು ಅರ್ಜಿ ವಾಪಸ್ ಕಳಿಸುತ್ತಾರೆ. ಪಂಚನಾಮೆಗೆ ಮುನ್ನ ತಿದ್ದಿಸಿದರೆ ಐದು ನಿಮಿಷದ ಕೆಲಸ, ಆಮೇಲೆ ಕಚೇರಿ ಅಲೆದಾಟ. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ ಅನ್ನುವುದನ್ನೂ ನೀವೇ ನೆನಪಿಸಿದಿರಿ.

ಅಕ್ಕಪಕ್ಕದ ಅಕ್ಕಂದಿರೇ, ಮೊದಲ ಮೂರು ದಿನ ಅನ್ನ-ಸಾರು ರಾಶಿ ಬಿದ್ದು ಹಳಸುತ್ತದೆ, ಹದಿನೈದನೇ ದಿನ ಒಲೆ ಹಚ್ಚುವವರಿಲ್ಲ. ಸರದಿ ಹಾಕಿಕೊಂಡಿರಲ್ಲ, ಅದಕ್ಕೆ ಋಣಿ. ಅಜ್ಜಿಯ ಸಕ್ಕರೆ, ಬಿಪಿ ಮಾತ್ರೆ ತಪ್ಪದಂತೆ ನೋಡಿದ್ದಕ್ಕೂ. ತೀರಿಕೊಂಡವರು ಗೂಟಕ್ಕೆ ನೇತುಹಾಕಿದ್ದ ಅಂಗಿಯನ್ನು ಒಗೆಯದೆ ಬಿಟ್ಟಿರಿ. ಬೆವರಿನ ವಾಸನೆ ಒಮ್ಮೆ ಹೋದರೆ ಹೋಯಿತು. ಮಕ್ಕಳಿಗೆ "ಅಪ್ಪ ಮಲಗಿದ್ದಾರೆ" ಅನ್ನಲಿಲ್ಲ. ಹಾಗಂದರೆ ಮಕ್ಕಳು ನಿದ್ದೆಗೇ ಹೆದರುತ್ತವೆ. "ಸತ್ತುಹೋದರು, ನಿನ್ನಿಂದ ಆಗಿದ್ದಲ್ಲ" ಎಂದಿರಿ.

ಬ್ಯಾಂಕಿನ ಒಬ್ಬ ಗುಮಾಸ್ತರು ಖಾತೆ ಮುಚ್ಚುವ ಮೊದಲು ಪಾಸ್‌ಬುಕ್ ತಿರುವಿ ನೋಡುತ್ತಾರೆ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, 20 ರೂಪಾಯಿ ಆಗಿದ್ದರೆ ಪ್ರಧಾನಮಂತ್ರಿ ಸುರಕ್ಷಾ ವಿಮೆ. ಒಂದೊಂದಕ್ಕೂ 2 ಲಕ್ಷ, ಎರಡನೆಯದು ಸಾವು ಅಪಘಾತದಿಂದ ಆಗಿದ್ದರೆ ಮಾತ್ರ. ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ, ಸಿಮ್ ಮಾತ್ರ ಚಾಲ್ತಿಯಲ್ಲಿರಲಿ ಎಂದು ಮನೆಯವರಿಗೆ ಬಿಡಿಸಿ ಹೇಳುವವರೂ ಅವರೇ.

ರಾತ್ರಿ ಎರಡು ಗಂಟೆಗೂ ಕನ್ನಡದಲ್ಲೇ ಮಾತಾಡಿದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರ ಸಮಾಲೋಚಕರಿಗೂ ವಂದನೆ.

ವಿಷದ ಶಂಕೆಯಿದ್ದ ಪ್ರಕರಣಗಳಲ್ಲಿ ಪ್ರಯೋಗಾಲಯದ ವರದಿ ಬರಲು ತಿಂಗಳುಗಳೇ ಬೇಕು. ಎಲ್ಲರೂ ಮರೆತ ಮೇಲೆ ಒಂದು ದಿನ ಠಾಣೆಯಿಂದ ಫೋನ್ ಬರುತ್ತದೆ, ಗಾಯ ಮತ್ತೆ ಹಸಿಯಾಗುತ್ತದೆ. ಆ ದಿನ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಹೋದಿರಲ್ಲ, ಠಾಣೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಏನೂ ಮಾತಾಡಲಿಲ್ಲವಲ್ಲ, ನಿಮಗೂ.