ಜೊತೆಯಾಗಿ ಆಡಿದವರಿಗೆ ಒಂದು ಕೃತಜ್ಞತೆ

2025ರ ಮೇ 21ರಂದು ಸ್ಪೇನಿನ ಬಿಲ್ಬಾವೊದಲ್ಲಿ ಲಂಡನ್ನಿನ ಫುಟ್‌ಬಾಲ್ ಕ್ಲಬ್ಬಾದ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ತಂಡವು ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 1–0 ಅಂತರದಲ್ಲಿ ಸೋಲಿಸಿ ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುರೋಪಾ ಲೀಗ್ ಕಪ್ ಗೆದ್ದಾಗ, 2008ರಿಂದ ಒಂದೇ ಒಂದು ಪ್ರಶಸ್ತಿಯನ್ನೂ ಕಾಣದಿದ್ದ ನಮ್ಮಂಥ ಅಭಿಮಾನಿಗಳ 17 ವರ್ಷಗಳ ನಿರೀಕ್ಷೆ ಕೊನೆಗೊಂಡಿತು. ಗೋಲು ಹೊಡೆದ ಬ್ರೆನನ್ ಜಾನ್ಸನ್ ಅವರಿಗೆ, ಎರಡನೆಯ ವರ್ಷದಲ್ಲಿ ತಾನು ಗೆದ್ದೇ ಗೆಲ್ಲುತ್ತೇನೆಂದು ಹೇಳಿ ನಗೆಪಾಟಲಿಗೀಡಾಗಿ ಕೊನೆಗೆ ಮಾತು ಉಳಿಸಿಕೊಂಡ ತರಬೇತುದಾರ ಆಂಜೆ ಪೋಸ್ಟೆಕೊಗ್ಲು ಅವರಿಗೆ ಸಲ್ಲಬೇಕಾದ ವಂದನೆಗಳನ್ನು ಎಲ್ಲರೂ ಆಗಲೇ ಸಲ್ಲಿಸಿಯಾಗಿದೆ. ತಡವಾಗಿ ಬರೆಯುತ್ತಿರುವ ನನ್ನ ಈ ಕೃತಜ್ಞತೆ ಈ ಕ್ಲಬ್ಬಿನ ಜೋಡಿಗಳಿಗೆ ಸಲ್ಲುತ್ತದೆ. ಪ್ರಶಸ್ತಿಗಳು ಅಪರೂಪವಾಗಿದ್ದ ಇಂಥ ತಂಡದ ಬೆನ್ನಿಗೆ ನಾನು ಇಷ್ಟು ಕಾಲ ನಿಂತದ್ದು, ಒಬ್ಬರ ಮನಸ್ಸನ್ನು ಇನ್ನೊಬ್ಬರು ಓದಿಕೊಂಡವರಂತೆ ಆಡುವ ಇಬ್ಬರು ಯಾವ ಕಾಲದಲ್ಲಿ ನೋಡಿದರೂ ಇಲ್ಲಿ ಇರುತ್ತಿದ್ದರು ಎಂಬ ಕಾರಣಕ್ಕೇ.

ಬಿಲ್ಬಾವೊದ ಜೋಡಿಯಿಂದಲೇ ಆರಂಭಿಸುವುದು ನ್ಯಾಯ. ಕ್ರಿಸ್ಟಿಯನ್ ರೊಮೆರೊ ಮತ್ತು ಮಿಕಿ ಫಾನ್ ಡೆ ಫೆನ್ ರಕ್ಷಣೆಯ ನಡುವೆ ಒಟ್ಟಿಗೆ ನಿಂತ 2023ರ ಋತುವಿನ ಮೊದಲ ಹತ್ತು ಇಂಗ್ಲಿಷ್ ಲೀಗ್ ಪಂದ್ಯಗಳಲ್ಲಿ ತಂಡ ಒಮ್ಮೆಯೂ ಸೋಲಲಿಲ್ಲ. ರೊಮೆರೊ ಮುನ್ನುಗ್ಗಿ ಚೆಂಡು ಕಸಿಯುವವರು. ಅವರು ಬಿಟ್ಟುಹೋದ ಜಾಗಕ್ಕೆ ಎದುರಾಳಿ ನುಗ್ಗಿದರೆ ಓಡಿ ಹಿಡಿಯುವ ವೇಗ ಫಾನ್ ಡೆ ಫೆನ್ ಅವರದು. ಅದೇ ವರ್ಷದ ನವೆಂಬರ್ 6ರಂದು ಚೆಲ್ಸಿ ವಿರುದ್ಧದ ಒಂದೇ ಪಂದ್ಯದಲ್ಲಿ ರೊಮೆರೊ ಕೆಂಪು ಕಾರ್ಡ್ ಪಡೆದು ಹೊರನಡೆದರೆ, ಫಾನ್ ಡೆ ಫೆನ್ ತೊಡೆಯ ಸ್ನಾಯು ಸೆಳೆತದಿಂದ ಕುಂಟುತ್ತ ಹೊರಬಂದರು. ಮರುವರ್ಷ ಮತ್ತೆ ಆದ ಗಾಯಗಳಿಂದ ಚೇತರಿಸಿಕೊಂಡು ಇಬ್ಬರೂ ಮತ್ತೆ ಜೊತೆಗೂಡಿದ್ದು ಡಿಸೆಂಬರ್ 8ರಂದು, ಅದೂ ಚೆಲ್ಸಿ ವಿರುದ್ಧವೇ. ಆ ದಿನವೂ ಇಬ್ಬರೂ ಗಾಯಗೊಂಡು ಮೈದಾನ ಬಿಟ್ಟರು. ಜಾತಕ ಕೂಡಿಬರದ ಜೋಡಿಯೆಂದು ನಾವು ಬೇಸರದಿಂದ ನಕ್ಕದ್ದುಂಟು.

ಅವರಿಲ್ಲದ ತಿಂಗಳುಗಳಲ್ಲಿ ಆ ಜಾಗವನ್ನು ಕಾದವರ ಋಣ ಇನ್ನೂ ದೊಡ್ಡದು. ಮಿಡ್‌ಫೀಲ್ಡರ್ ಆಗಿ ಬಂದಿದ್ದ 18 ವರ್ಷದ ಆರ್ಚಿ ಗ್ರೇ, ತನ್ನದಲ್ಲದ ಸ್ಥಾನದಲ್ಲಿ ನಿಂತು, ಮೊದಲು ರಾಡು ಡ್ರಾಗುಷಿನ್ ಅವರ ಜೊತೆಗೆ, ಅವರ ಮೊಣಕಾಲಿಗೆ ಪೆಟ್ಟಾದ ಮೇಲೆ ಬೆನ್ ಡೇವಿಸ್ ಅವರಂಥ ಹಿರಿಯರ ಜೊತೆಗೆ ವಾರಕ್ಕೆರಡು ಪಂದ್ಯಗಳನ್ನು ಎದುರಿಸಿದರು. ಲೀಗಿನಲ್ಲಿ ತಂಡ 22 ಪಂದ್ಯಗಳನ್ನು ಸೋತು 17ನೆಯ ಸ್ಥಾನಕ್ಕೆ ಕುಸಿದದ್ದು ನಿಜ. ಆದರೆ ಯುರೋಪಿನ ದಾರಿ ಮುಚ್ಚಿಹೋಗದಂತೆ ನೋಡಿಕೊಂಡವರಲ್ಲಿ ಈ ತಾತ್ಕಾಲಿಕ ಜೋಡಿಗಳೂ ಇದ್ದವು. ಬಿಲ್ಬಾವೊದ ದ್ವಿತೀಯಾರ್ಧದಲ್ಲಿ ನಮ್ಮ ಗೋಲ್‌ಕೀಪರ್ ಚೆಂಡನ್ನು ಹಿಡಿಯಲಾಗದೆ ಹೋದಾಗ, ಯುನೈಟೆಡ್‌ನ ರಾಸ್ಮುಸ್ ಹೊಯ್ಲುಂಡ್ ಹಣೆಯಿಂದ ತಳ್ಳಿದ ಚೆಂಡು ಖಾಲಿ ಗೋಲಿನತ್ತ ಸಾಗುತ್ತಿತ್ತು. ಆಗ ಫಾನ್ ಡೆ ಫೆನ್ ಗಾಳಿಯಲ್ಲಿ ಅಡ್ಡಲಾಗಿ ಹಾರಿ, ಗೋಲುಗೆರೆಯ ಮೇಲಿಂದ ಅದನ್ನು ಕಾಲಿನಿಂದ ಎತ್ತಿ ಹೊರಹಾಕಿದರು. ಜಾನ್ಸನ್ ಅವರ ಗೋಲಿಗಿಂತ ಅದನ್ನೇ ನಾನು ಹೆಚ್ಚು ಬಾರಿ ನೋಡಿದ್ದೇನೆ.

ಹಳೆಯವರ ಮಾತಿಗೆ ಬಂದರೆ, 1960–61ರಲ್ಲಿ ಲೀಗ್ ಮತ್ತು ಸೋತವರು ಹೊರಬೀಳುವ ಟೂರ್ನಿಯಾದ ಎಫ್‌ಎ ಕಪ್ ಎರಡನ್ನೂ ಒಂದೇ ಋತುವಿನಲ್ಲಿ ಗೆದ್ದ, ತರಬೇತುದಾರ ಬಿಲ್ ನಿಕಲ್ಸನ್ ಅವರ ತಂಡದ ನಡುಗಂಬಗಳಾಗಿದ್ದ ಡ್ಯಾನಿ ಬ್ಲಾಂಚ್‌ಫ್ಲವರ್ ಮತ್ತು ಡೇವ್ ಮೆಕೈ ಅವರಿಗೆ ಮೊದಲ ನಮಸ್ಕಾರ. ಇಪ್ಪತ್ತನೆಯ ಶತಮಾನದಲ್ಲಿ ಆ ಸಾಧನೆ ಮಾಡಿದ ಮೊದಲ ತಂಡವದು. ಒಬ್ಬರು ಯೋಚಿಸಿ ಚೆಂಡು ನೀಡುವವರು, ಇನ್ನೊಬ್ಬರು ಎದೆಗೊಟ್ಟು ಚೆಂಡು ಗೆಲ್ಲುವವರು ಎಂದು ಎಲ್ಲರೂ ಹೇಳುತ್ತಾರೆ. ಮೆಕೈ ಅವರ ಪಾಸುಗಳನ್ನು ಗಮನವಿಟ್ಟು ನೋಡಿದವರಿಗೆ ಆ ಹಂಚಿಕೆ ಅರ್ಧ ಸುಳ್ಳೆಂದು ಗೊತ್ತಾಗುತ್ತದೆ.

ನನಗೆ ಅವರಿಗಿಂತ ಪ್ರಿಯವಾದದ್ದು ಜಿಮ್ಮಿ ಗ್ರೀವ್ಸ್ ಮತ್ತು ಅಲನ್ ಗಿಲ್ಜಿಯನ್ ಅವರ ಜೋಡಿ. ಗ್ರೀವ್ಸ್ 1961ರ ಡಿಸೆಂಬರಿನಲ್ಲಿ ಇಟಲಿಯ ಮಿಲಾನ್ ತಂಡದಿಂದ ಬಂದರು. ಲಕ್ಷ ಪೌಂಡಿನ ಆಟಗಾರನೆಂಬ ಹೊರೆ ಹುಡುಗನ ಹೆಗಲೇರಬಾರದೆಂದು ನಿಕಲ್ಸನ್ ಅವರು ಕೊಟ್ಟ ಬೆಲೆ 99,999 ಪೌಂಡ್. ಮೂರು ವರ್ಷಗಳ ಬಳಿಕ ಸ್ಕಾಟ್ಲೆಂಡಿನ ಡಂಡಿಯಿಂದ ಬಂದ ಗಿಲ್ಜಿಯನ್, ಎತ್ತರದಲ್ಲಿ ಬಂದ ಚೆಂಡನ್ನು ಗುದ್ದುತ್ತಿರಲಿಲ್ಲ, ಸವರುತ್ತಿದ್ದರು. ಗೋಲಿಗೆ ಬೆನ್ನು ಹಾಕಿ ನಿಂತು, ತಲೆಯ ಪಕ್ಕಕ್ಕೆ ಚೆಂಡು ತಾಗಿದಷ್ಟೇ ತಾಗಿಸಿ ಅದರ ದಾರಿಯನ್ನು ಕೊಂಚ ಬದಲಿಸಿದರೆ, ಅದು ಎಲ್ಲಿ ಬೀಳುವುದೆಂಬುದು ಗ್ರೀವ್ಸ್ ಅವರಿಗೆ ಮಾತ್ರ ಗೊತ್ತಿರುತ್ತಿತ್ತು. ರಕ್ಷಣಾ ಆಟಗಾರರು ತಿರುಗಿ ನೋಡುವಷ್ಟರಲ್ಲಿ ಗ್ರೀವ್ಸ್ ಚೆಂಡನ್ನು ಬಲೆಯೊಳಕ್ಕೆ ಜಾರಿಸಿ ಹಿಂತಿರುಗಿರುತ್ತಿದ್ದರು. 1970ರಲ್ಲಿ ಗ್ರೀವ್ಸ್ ವೆಸ್ಟ್ ಹ್ಯಾಮ್ ಸೇರುವವರೆಗೆ ಸಾಗಿದ ಈ ಜೊತೆಯಾಟಕ್ಕೆ ಸಿಕ್ಕ ದೊಡ್ಡ ಫಲ 1967ರ ಎಫ್‌ಎ ಕಪ್. ಮಸುಕು ಚಿತ್ರಸುರುಳಿಗಳಲ್ಲಷ್ಟೇ ಅವರನ್ನು ನೋಡಿದ ನನ್ನಂಥವನಿಗೂ ಆ ಸವರುವಿಕೆ ಇಂದಿಗೂ ಹೊಸದೆನಿಸುತ್ತದೆ.

ಓಸ್ವಾಲ್ಡೊ ಆರ್ಡಿಲೆಸ್ ಮತ್ತು ರಿಕಾರ್ಡೊ ವಿಯ್ಯಾ ಅವರಿಗೆ ಹೇಳಬೇಕಾದ ಧನ್ಯವಾದ ಆಟಕ್ಕಷ್ಟೇ ಸೀಮಿತವಲ್ಲ. 1978ರ ವಿಶ್ವಕಪ್ಪನ್ನು ಅರ್ಜೆಂಟೀನಾ ಗೆದ್ದ ಕೆಲವೇ ದಿನಗಳಲ್ಲಿ ತರಬೇತುದಾರ ಕೀತ್ ಬರ್ಕಿನ್‌ಶಾ ಆ ವಿಜೇತ ತಂಡದ ಈ ಇಬ್ಬರನ್ನೂ ಲಂಡನ್ನಿಗೆ ಕರೆತಂದಾಗ, ಇಂಗ್ಲೆಂಡಿನ ಲೀಗಿನಲ್ಲಿ ಹೊರದೇಶದ ಆಟಗಾರರೆಂದರೆ ಕುತೂಹಲದ ವಸ್ತುಗಳಾಗಿದ್ದರು. 1981ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಕಳೆಗುಂದಿದ ಆಟವಾಡಿದ ವಿಯ್ಯಾ ಅವರನ್ನು ಬರ್ಕಿನ್‌ಶಾ ನಡುವೆಯೇ ಹಿಂದಕ್ಕೆ ಕರೆಸಿಕೊಂಡರು. ಅವರು ತಲೆತಗ್ಗಿಸಿ ನೇರವಾಗಿ ಡ್ರೆಸಿಂಗ್ ರೂಮಿನತ್ತ ನಡೆದರು. ಪಂದ್ಯ 1–1ರಲ್ಲಿ ಸಮವಾಗಿ ಐದು ದಿನಗಳ ನಂತರ ಮರುಪಂದ್ಯ ನಡೆದಾಗ ಅದೇ ವಿಯ್ಯಾ ಮತ್ತೆ ಮೊದಲ ಹನ್ನೊಂದರಲ್ಲಿದ್ದರು. ಮೊದಲ ಗೋಲೂ ಅವರದೇ, 3–2 ಗೆಲುವನ್ನು ತಂದ ಕೊನೆಯ ಗೋಲೂ ಅವರದೇ. ಪೆನಾಲ್ಟಿ ಆವರಣದೊಳಗೆ ಎಡಕ್ಕೆ ಬಾಗಿ, ಬಲಕ್ಕೆ ತಿರುಗಿ, ಅಡ್ಡ ಬಂದವರನ್ನೆಲ್ಲ ದಾಟಿ ಅವರು ಹೊಡೆದ ಆ ಗೋಲನ್ನು ಇಂಗ್ಲೆಂಡಿನವರು ಇನ್ನೂ ಮರೆತಿಲ್ಲ.

ಮರುವರ್ಷ ಫಾಕ್‌ಲೆಂಡ್ಸ್ ಯುದ್ಧ ಬಂತು. ತಾಯ್ನಾಡೂ ಅನ್ನ ಕೊಟ್ಟ ನಾಡೂ ಪರಸ್ಪರ ಕಾದಾಡುವಾಗ ಇಬ್ಬರೂ 1982ರ ಎಫ್‌ಎ ಕಪ್ ಫೈನಲ್‌ನಿಂದ ದೂರ ಉಳಿಯಬೇಕಾಯಿತು. ಆರ್ಡಿಲೆಸ್ ಕೆಲಕಾಲ ಪ್ಯಾರಿಸ್ಸಿನ ಪಿಎಸ್‌ಜಿ ತಂಡದಲ್ಲಿ ಆಡಿದರು. ಆದರೂ ಅವರು ಮರಳಿ ಬಂದರು, 1984ರ ಯುಇಎಫ್‌ಎ ಕಪ್ (ಇಂದಿನ ಯುರೋಪಾ ಲೀಗ್) ಫೈನಲ್‌ನ ಎರಡನೆಯ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಮೈದಾನಕ್ಕಿಳಿದರು. ಹಿಂತಿರುಗದಿರಲು ಸಾಕಷ್ಟು ಕಾರಣಗಳಿದ್ದ ಮನುಷ್ಯ ಹಿಂತಿರುಗಿದ್ದಕ್ಕೆ ನಾವು ಯಾವ ಮಾತಿನಲ್ಲಿ ಋಣ ತೀರಿಸಬಲ್ಲೆವು?

ಯುರ್ಗೆನ್ ಕ್ಲಿನ್ಸ್‌ಮನ್ ಮತ್ತು ಟೆಡ್ಡಿ ಶೆರಿಂಗ್‌ಹ್ಯಾಮ್ 1994–95ರ ಒಂದೇ ಋತುವಿನಲ್ಲಿ ಕೊಟ್ಟ ಸಂತೋಷಕ್ಕೆ ವಂದನೆಗಳು. ಡಿಮಿಟಾರ್ ಬೆರ್ಬಟೋವ್ ಮತ್ತು ರಾಬಿ ಕೀನ್ ಅವರಿಗೂ ಅಷ್ಟೇ: 2008ರ ಫೆಬ್ರುವರಿಯಲ್ಲಿ ಚೆಲ್ಸಿಯನ್ನು 2–1ರಿಂದ ಮಣಿಸಿ ಇಂಗ್ಲೆಂಡಿನ ಇನ್ನೊಂದು ಟೂರ್ನಿಯಾದ ಲೀಗ್ ಕಪ್ ಗೆದ್ದ ತಂಡದ ಮುಂಚೂಣಿ ಅವರದು. ಅದೇ ಬೇಸಿಗೆಯಲ್ಲಿ ಇಬ್ಬರೂ ಬೇರೆ ಬೇರೆ ದೊಡ್ಡ ತಂಡಗಳಿಗೆ ಹೊರಟುಹೋದದ್ದನ್ನು ನಾನು ಪೂರ್ತಿಯಾಗಿ ಕ್ಷಮಿಸಿಲ್ಲವಾದರೂ ಕೃತಜ್ಞತೆಗೆ ಅದು ಅಡ್ಡಿಯಲ್ಲ.

ಗೋಲು ಹೊಡೆಯುವವರಷ್ಟೇ ನೆನಪಿನಲ್ಲಿ ಉಳಿಯುವ ಈ ಆಟದಲ್ಲಿ ಯಾನ್ ವೆರ್ಟೊಂಗೆನ್ ಮತ್ತು ಟೋಬಿ ಆಲ್ಡರ್‌ವೈರೆಲ್ಡ್ ಅವರಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಬ್ಬರೂ ಬೆಲ್ಜಿಯಂನವರು, ಇಬ್ಬರೂ ನೆದರ್‌ಲೆಂಡ್ಸ್‌ನ ಅಯಾಕ್ಸ್ ಕ್ಲಬ್ಬಿನಲ್ಲಿ ಪಳಗಿದವರು, ದೇಶದ ತಂಡದಲ್ಲಿಯೂ ಜೊತೆಗೆ ನಿಂತವರು. ಹಳೆಯ ವೈಟ್ ಹಾರ್ಟ್ ಲೇನ್ ಮೈದಾನದ ಕೊನೆಯ ಋತುವಾದ 2016–17ರಲ್ಲಿ ಇಡೀ ಲೀಗಿನಲ್ಲಿಯೇ ಅತಿ ಕಡಿಮೆ ಗೋಲು, ಅಂದರೆ 26 ಗೋಲುಗಳನ್ನು ಮಾತ್ರ ಬಿಟ್ಟುಕೊಟ್ಟ ತಂಡ ನಮ್ಮದು. ತವರಿನಲ್ಲಿ ಆ ವರ್ಷ ಒಂದೂ ಲೀಗ್ ಪಂದ್ಯ ಸೋಲಲಿಲ್ಲ. ಆಲ್ಡರ್‌ವೈರೆಲ್ಡ್ ಹಿಂದಿನಿಂದ ಅಳೆದು ಕಳುಹಿಸುತ್ತಿದ್ದ ಉದ್ದನೆಯ ಪಾಸುಗಳು, ವೆರ್ಟೊಂಗೆನ್ ಬಿದ್ದು ತಡೆಯುತ್ತಿದ್ದ ಟ್ಯಾಕಲ್‌ಗಳು ಯಾವ ಅಂಕಿಪಟ್ಟಿಯಲ್ಲೂ ಪೂರ್ತಿ ಕಾಣುವುದಿಲ್ಲ.

ಹ್ಯಾರಿ ಕೇನ್ ಮತ್ತು ಸನ್ ಹ್ಯೂಂಗ್-ಮಿನ್ ಅವರ ಬಗ್ಗೆ ಬರೆಯುವಾಗ ಲೇಖನಿ ತಾನಾಗಿ ನಿಧಾನವಾಗುತ್ತದೆ. 2020ರ ಸೆಪ್ಟೆಂಬರ್ 20ರಂದು, ಸಾಂಕ್ರಾಮಿಕದಿಂದಾಗಿ ಪ್ರೇಕ್ಷಕರಿಲ್ಲದ ಸೌತ್‌ಹ್ಯಾಂಪ್ಟನ್ ಮೈದಾನದಲ್ಲಿ, 5–2ರಿಂದ ಗೆದ್ದ ಆ ಪಂದ್ಯದಲ್ಲಿ ಸನ್ ಹೊಡೆದ ನಾಲ್ಕೂ ಗೋಲುಗಳಿಗೆ ಪಾಸ್ ಕೊಟ್ಟವರು ಕೇನ್. ಸ್ಟ್ರೈಕರ್ ಆದ ಕೇನ್ ಗೋಲಿನಿಂದ ದೂರ, ಮೈದಾನದ ನಡುಭಾಗಕ್ಕೆ ಇಳಿದುಬರುತ್ತಿದ್ದರು. ಅವರ ಬೆನ್ನು ಹತ್ತಿ ಬರಬೇಕೋ, ಅಲ್ಲೇ ನಿಲ್ಲಬೇಕೋ ಎಂದು ಎದುರಾಳಿ ಡಿಫೆಂಡರ್ ಗೊಂದಲಕ್ಕೆ ಬೀಳುವ ಅರೆಗಳಿಗೆಯಲ್ಲಿ ಸನ್ ಓಟ ಆರಂಭಿಸಿಬಿಟ್ಟಿರುತ್ತಿದ್ದರು. ಕೇನ್ ತಲೆ ಎತ್ತಿ ನೋಡುವ ಗೋಜಿಗೂ ಹೋಗದೆ ಚೆಂಡನ್ನು ಖಾಲಿ ಜಾಗಕ್ಕೆ ಕಳುಹಿಸುತ್ತಿದ್ದರು, ಎರಡೂ ಕಾಲಿನಲ್ಲಿ ಸಮನಾದ ಬಲವುಳ್ಳ ಸನ್ ಉಳಿದದ್ದನ್ನು ಮುಗಿಸುತ್ತಿದ್ದರು. ಆ ಋತುವಿನಲ್ಲಿ ಒಬ್ಬರ ಪಾಸಿನಿಂದ ಇನ್ನೊಬ್ಬರು ಹೊಡೆದ 14 ಗೋಲುಗಳು ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಒಂದು ಋತುವಿನ ದಾಖಲೆಯಾದವು. 2022ರ ಫೆಬ್ರುವರಿಯಲ್ಲಿ ಲೀಡ್ಸ್‌ನಲ್ಲಿ ಚೆಲ್ಸಿಯ ಡ್ರೊಗ್ಬಾ–ಲ್ಯಾಂಪರ್ಡ್ ಜೋಡಿಯ 36 ಗೋಲುಗಳ ದಾಖಲೆಯೂ ಹಿಂದೆ ಬಿತ್ತು. ಕೇನ್ ಹೊರಡುವ ಹೊತ್ತಿಗೆ ಆ ಲೆಕ್ಕ 47ಕ್ಕೆ ಬಂದು ನಿಂತಿತ್ತು. 2023ರ ಜನವರಿಯಲ್ಲಿ ಕೇನ್ ಅವರು ಗ್ರೀವ್ಸ್ ಅವರ 266 ಗೋಲುಗಳ ಕ್ಲಬ್ ದಾಖಲೆಯನ್ನು ಸರಿಗಟ್ಟಿದಾಗಲೂ ಪಾಸ್ ಬಂದದ್ದು ಸನ್ ಕಾಲಿನಿಂದಲೇ.

ಇಷ್ಟೆಲ್ಲ ಆಗಿಯೂ ಇಬ್ಬರೂ ಸೇರಿ ಗೆದ್ದ ಪ್ರಶಸ್ತಿ ಒಂದೂ ಇಲ್ಲ. ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗಿನ 2019ರ ಫೈನಲ್ ಸೋತರು, 2021ರ ಲೀಗ್ ಕಪ್ ಫೈನಲ್ ಸೋತರು. 2023ರ ಆಗಸ್ಟಿನಲ್ಲಿ ಕೇನ್ ಬಯರ್ನ್ ಮ್ಯೂನಿಕ್ ಸೇರಿದರು, ಸನ್ ಇಲ್ಲಿಯೇ ಉಳಿದು ನಾಯಕರಾದರು. ಕೊನೆಗೆ ಕೇನ್ ಜರ್ಮನಿಯ ಲೀಗ್ ಗೆದ್ದದ್ದೂ ಸನ್ ಬಿಲ್ಬಾವೊದಲ್ಲಿ ಕಪ್ ಎತ್ತಿದ್ದೂ 2025ರ ಮೇ ತಿಂಗಳಲ್ಲೇ. ಅದಾದ ಮೇಲೆ ಆಗಸ್ಟಿನಲ್ಲಿ, 454 ಪಂದ್ಯ ಮತ್ತು 173 ಗೋಲುಗಳ ನಂತರ, ಸನ್ ಅಮೆರಿಕದ ಲಾಸ್ ಏಂಜಲೀಸ್‌ಗೆ ತೆರಳಿದರು. ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಕಪ್ ಇಲ್ಲದ ವರ್ಷಗಳಲ್ಲಿ ವಾರವಾರವೂ ಟಿವಿ ಮುಂದೆ ಕೂರಲು ನಮಗೊಂದು ಕಾರಣ ಕೊಟ್ಟವರು ನೀವು.

ಬರೆಯದೇ ಬಿಟ್ಟ ಜೋಡಿಗಳೂ ಇವೆ. ಎಂಬತ್ತರ ದಶಕದ ಮುಂಚೂಣಿ ಜೋಡಿಯಾದ ಸ್ಟೀವ್ ಆರ್ಚಿಬಾಲ್ಡ್ ಮತ್ತು ಗಾರ್ತ್ ಕ್ರೂಕ್ಸ್ ಅವರನ್ನು ಮೈದಾನದಲ್ಲಿ ಕಣ್ಣಾರೆ ಕಂಡ ಹಿರಿಯ ಅಭಿಮಾನಿಗಳು ನನ್ನ ಈ ಪಟ್ಟಿಯನ್ನು ಒಪ್ಪಲಾರರು. ಆ ಜೋಡಿಗೆ ಸಲ್ಲಬೇಕಾದ ಮಾತುಗಳನ್ನು ಆ ಹಿರಿಯರೇ ಬರೆಯಲೆಂದು ಕೇಳಿಕೊಳ್ಳುತ್ತೇನೆ.